ಒತ್ತಕ್ಷರ ಅಂಚು ದಾಟಲಿ ಬಿಡು, ಪುಟ್ಟಿ

ಪ್ರೀತಿಯ ಪುಟ್ಟಿ,

ಭಾನುವಾರ ಫೋನಿನಲ್ಲಿ ನಿನ್ನ ದನಿ ಕೇಳಿದಾಗಿನಿಂದ ಮನಸ್ಸು ಅಲ್ಲೇ ಇದೆ. "ಮೂರು ದಿನದಿಂದ ಬೇರೆಯವರ ಪೋಸ್ಟರ್ ನೋಡ್ತಾನೇ ಇದೀನಿ ಅಪ್ಪಾ, ನನ್ನ ಪೋಸ್ಟರ್‌ಗೆ ಏನೂ ಹೊಳೀತಿಲ್ಲ" ಅಂದೆ. ಮೊಬೈಲಿನಲ್ಲಿ ಉಳಿಸಿಟ್ಟ ಚಿತ್ರಗಳೇ ಇನ್ನೂರು ದಾಟಿವೆ ಅಂದೆ. ಅಷ್ಟೊಂದು ನೋಡಿದರೆ ಯಾರಿಗೂ ತಲೆ ಕೆಡುತ್ತದೆ ಕಣೇ. ಅವೆಲ್ಲ ಅವರವರು ಕಂಡುಕೊಂಡ ಉತ್ತರಗಳು. ಅವರು ಎಲ್ಲಿ ಸಿಕ್ಕಿಹಾಕಿಕೊಂಡಿದ್ದರು ಅಂತ ಅದರಲ್ಲಿ ಕಾಣಿಸುವುದಿಲ್ಲ.

ನಾನು ಬೋರ್ಡ್ ಬರೆಯುತ್ತಿದ್ದ ಕಾಲದ್ದು ಒಂದು ಹೇಳುತ್ತೇನೆ. ನೀನಿನ್ನೂ ಹುಟ್ಟಿರಲಿಲ್ಲ. ಶ್ರೀರಾಂಪುರದಲ್ಲಿ ಒಂದು ದಿನಸಿ ಅಂಗಡಿ. ಬೋರ್ಡಿನ ಎತ್ತರ ಒಂದೂವರೆ ಅಡಿ. ಬರೆಯಬೇಕಾದದ್ದು 'ಲಕ್ಷ್ಮಿ ಸ್ಟೋರ್ಸ್'. ಸುಣ್ಣದ ದಾರ ಹೊಡೆದು ಮೇಲೆ ಕೆಳಗೆ ಗೆರೆ ಹಾಕಿಕೊಂಡೆ. 'ಲ' ಚೆನ್ನಾಗಿ ಕೂತಿತು. 'ಕ್ಷ್ಮಿ' ಹತ್ತಿರ ಕೈ ನಿಂತಿತು. ಮೇಲೆ ಗುಡಿಸು, ಕೆಳಗೆ ಷ ಒತ್ತು, ಅದರ ಜೊತೆಗೆ ಮ ಒತ್ತು. ಎಲ್ಲ ಹಿಡಿಸಬೇಕು ಅಂತ ಅಕ್ಷರಗಳನ್ನೇ ಸಣ್ಣ ಮಾಡಿದೆ. ರಸ್ತೆಯ ಆಚೆಯಿಂದ ನೋಡಿದರೆ ಏನೂ ಓದಲಾಗಲಿಲ್ಲ. ಸೀಮೆಎಣ್ಣೆ ಬಟ್ಟೆಯಿಂದ ಪೂರ್ತಿ ಒರೆಸಿದೆ.

ಅಲ್ಲೇ ನಿಂತು ಟೀ ಕುಡಿಯುವಾಗ ಪಕ್ಕದ ಮನೆಯ ಹಾಗಲಬಳ್ಳಿ ಕಣ್ಣಿಗೆ ಬಿತ್ತು. ಕಾಂಪೌಂಡ್ ಗೋಡೆ ದಾಟಿ, ಎರಡು ಕಾಯಿ ರಸ್ತೆ ಕಡೆಗೆ ಜೋತಾಡುತ್ತಿದ್ದವು. ವಾಪಸ್ ಬಂದು 'ಲ'ವನ್ನು ಮತ್ತೆ ದೊಡ್ಡದಾಗಿ ಬರೆದೆ. ಒತ್ತುಗಳು ಕೆಂಪು ಅಂಚಿನ ಪಟ್ಟಿಯ ಮೇಲೇ ಹಳದಿ ಬಣ್ಣದಲ್ಲಿ ಇಳಿದವು. ಅಂಗಡಿಯವರು ಮೊದಲು ಮುಖ ಗಂಟು ಹಾಕಿಕೊಂಡರು. ಆಮೇಲೆ ರಸ್ತೆ ದಾಟಿ ಹೋಗಿ, ತುಂಬ ಹೊತ್ತು ನೋಡಿದರು. ಆ ದಿನದ ಖುಷಿ ನನಗೆ ಈಗಲೂ ಇದೆ.

ಹೋದ ದೀಪಾವಳಿಗೆ ನೀನು ಬಂದಾಗ ಅನೇಕ್ ಕನ್ನಡ ಫಾಂಟ್ ತೋರಿಸಿದೆಯಲ್ಲ, ಒಂದೇ ಅಕ್ಷರ ಸಣಕಲೂ ಆಗುತ್ತದೆ, ಅಗಲವೂ ಆಗುತ್ತದೆ ಅಂತ. ನಾನು ಅವತ್ತು ಮಾತಾಡಲಿಲ್ಲ. ಬೋರ್ಡಿನ ಅಗಲ ನೋಡಿ ಬ್ರಷ್‌ನಲ್ಲಿ ನಾವು ಮಾಡುತ್ತಿದ್ದದ್ದು ಅದನ್ನೇ. ಯಾರೋ ನಮ್ಮ ಕೆಲಸ ಅರ್ಥ ಮಾಡಿಕೊಂಡಿದ್ದಾರೆ ಅನ್ನಿಸಿ ಗಂಟಲು ಕಟ್ಟಿತ್ತು.

ಮೊನ್ನೆ ಕಸ್ತೂರ್ಬಾ ರಸ್ತೆಗೆ ಹೋಗಿದ್ದೆ. ವೆಂಕಟಪ್ಪ ಆರ್ಟ್ ಗ್ಯಾಲರಿ ಇರುವ ರಸ್ತೆಯಲ್ಲೇ 2023ರಲ್ಲಿ ಶುರುವಾದ ಮ್ಯಾಪ್ ಅನ್ನುವ ಕಲೆ-ಫೋಟೋಗಳ ಮ್ಯೂಸಿಯಂ ಇದೆ. ಒಳಗೆ ಹೋಗುವ ಮೊದಲು ಹೊರಗೋಡೆ ನೋಡುತ್ತಲೇ ನಿಂತೆ. ಸ್ಟೀಲ್ ಫಲಕಗಳು, ಅವುಗಳ ಮೇಲೆ ಒಂದನ್ನೊಂದು ಅಡ್ಡ ಹಾಯುವ ಉಬ್ಬುಗೆರೆಗಳು. ಹಳೇ ಕಾಲದ ಉಕ್ಕಿನ ನೀರಿನ ಟ್ಯಾಂಕಿನ ಥರವೇ. ವಿನ್ಯಾಸ ಮಾಡಿದವರಿಗೆ ಹೊಳೆದದ್ದೂ ಅದರಿಂದಲೇ. ತಗಡು ಬಾಗದಿರಲಿ ಅಂತ ಟ್ಯಾಂಕಿಗೆ ಕೊಡುವ ಉಬ್ಬು ಇಲ್ಲಿ ಬಿಸಿಲು ಬಿದ್ದಾಗ ಚಿತ್ತಾರ ಆಗುತ್ತದೆ. ಅಂಥ ಟ್ಯಾಂಕುಗಳನ್ನು ನಾನೂ ಎಷ್ಟೋ ಸಲ ನೋಡಿದ್ದೇನೆ ಪುಟ್ಟಿ. ಯಾಕೆ ಹೀಗಿದೆ ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆಯ ಬೊಂಬೆ ಇಟ್ಟದ್ದು ನೆನಪಿದೆಯಾ? ನಾವೆಲ್ಲ ಬೈದುಕೊಂಡು ದಾಟುವ ಗುಂಡಿ ಅವರ ಕಣ್ಣಿಗೆ ಕೊಳವಾಗಿ ಕಂಡಿತು, ಅಲ್ವಾ.

ಆದ್ದರಿಂದ ಲ್ಯಾಪ್‌ಟಾಪ್ ಮುಚ್ಚು. ನಿನ್ನ ಪೋಸ್ಟರಿನ ಒಂದೇ ಒಂದು ಪದ ತೆಗೆದುಕೊಂಡು, ಹಳೇ ಪೇಪರ್ ಮೇಲೆ ಅಂಗೈ ಅಗಲ ಅಕ್ಷರದಲ್ಲಿ ಹತ್ತು ಸಲ ಬರೆ. ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಶುರು ಮಾಡು. ಚೆನ್ನಾಗಿ ಬಂದದ್ದು ಬೇಡ, ಕೆಟ್ಟು ಹೋದದ್ದರ ಫೋಟೋ ಕಳಿಸು. ರಾತ್ರಿ ಎಷ್ಟು ಹೊತ್ತಾದರೂ ಸರಿ, ನೋಡುತ್ತೇನೆ.

ಅಮ್ಮ ಕಳಿಸುತ್ತಿರುವ ನಿಪ್ಪಟ್ಟಿನ ಡಬ್ಬದ ಪಕ್ಕ ಪೇಪರಿನಲ್ಲಿ ಸುತ್ತಿ ನನ್ನ ಚಪ್ಪಟೆ ಬ್ರಷ್ ಇಟ್ಟಿದ್ದೇನೆ. 'ಲಕ್ಷ್ಮಿ' ಬರೆದದ್ದು ಅದರಲ್ಲೇ. ಪೋಸ್ಟರ್ ಕಲರ್ ಆದರೆ ನೀರಿನಲ್ಲಿ ತೊಳೆದರೆ ಸಾಕು. ಆಮೇಲೆ ಮಲಗಿಸಿ ಒಣಗಲು ಬಿಡು.

ನಿನ್ನ,
ಅಪ್ಪ