ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡುವ ಮುನ್ನ ಕಾರಣ ತಿಳಿಸಲಿ

ಮಾನ್ಯ ಸಂಪಾದಕರೇ,

ಐದಾರು ವರ್ಷ ಹಳೆಯದಾದ ಲ್ಯಾಪ್‌ಟಾಪ್ ನಿಧಾನವಾಗಿದೆ ಎಂದು ಬಳ್ಳಾರಿಯಲ್ಲಿ ರಿಪೇರಿಗೆ ಒಯ್ದರೆ, ಅನೇಕ ಕಡೆ ಸಿಗುವುದು ಎರಡೇ ಉತ್ತರ: ಫಾರ್ಮ್ಯಾಟ್ ಮಾಡಿಸಿ (ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಸಿ), ಇಲ್ಲವೇ ಹೊಸದು ಕೊಳ್ಳಿ. ತೊಂದರೆ ಯಾವ ಭಾಗದಲ್ಲಿದೆ ಎಂದು ನೋಡಿ ಹೇಳುವವರು ಕಡಿಮೆ. ಪದವಿ ಓದುವ ಮಕ್ಕಳಿರುವ ಮನೆಗೂ ಸಣ್ಣ ಜೀನ್ಸ್ ಘಟಕ ನಡೆಸುವವರಿಗೂ ಹೊಸ ಲ್ಯಾಪ್‌ಟಾಪ್ ಸಣ್ಣ ಖರ್ಚಲ್ಲ.

ವಿಂಡೋಸ್ ಇರುವ ಲ್ಯಾಪ್‌ಟಾಪ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ, ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಯಂತ್ರ ತಡವರಿಸುತ್ತಿರುವ ಹೊತ್ತಿನಲ್ಲೇ ಅದನ್ನು ನೋಡಬೇಕು. ಸಿಪಿಯು (ಪ್ರೊಸೆಸರ್) ಶೇ 10ರ ಆಸುಪಾಸಿನಲ್ಲಿದ್ದು ಡಿಸ್ಕ್ ಮಾತ್ರ ಶೇ 100ರಲ್ಲೇ ನಿಂತಿದ್ದರೆ, ಹಳೆಯ ಹಾರ್ಡ್ ಡಿಸ್ಕಿನ ನಿಧಾನಗತಿಯೇ ಉಳಿದೆಲ್ಲವನ್ನೂ ತಡೆದು ನಿಲ್ಲಿಸಿರುವ ಸಾಧ್ಯತೆ ಹೆಚ್ಚು. ನಿಮಿಷಕ್ಕೆ 5400 ಸುತ್ತು ತಿರುಗುವ ಅಂಥ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದಿದರೆ, ಅದರ ಬದಲು ಹಾಕಬಹುದಾದ, ತಿರುಗುವ ಭಾಗವೇ ಇಲ್ಲದ ಸಾದಾ ಸಾಟಾ ಎಸ್‌ಎಸ್‌ಡಿ 500 ಎಂಬಿಯಷ್ಟು ಓದುತ್ತದೆ. ಚಿಕ್ಕಪುಟ್ಟ ಫೈಲುಗಳನ್ನು ಹುಡುಕಿ ತೆಗೆಯುವಾಗಲಂತೂ ಅಂತರ ಇನ್ನೂ ಹಲವು ಪಟ್ಟು. ಆದರೆ ಅದೇ ಪರದೆಯಲ್ಲಿ ಮೆಮೊರಿಯೂ ಶೇ 90 ದಾಟಿದ್ದರೆ ಡಿಸ್ಕನ್ನೇ ದೂರುವ ಅವಸರದ ತೀರ್ಮಾನ ಬೇಡ. 4 ಜಿಬಿ ರ‍್ಯಾಮ್ ಸಾಲದೆ ಯಂತ್ರವು ಡಿಸ್ಕನ್ನೇ ಮೆಮೊರಿಯಾಗಿ ಬಳಸತೊಡಗಿದಾಗಲೂ ಡಿಸ್ಕ್ ಹೀಗೆಯೇ ತುಂಬಿ ತೋರುತ್ತದೆ.

ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಹೆಚ್ಚು ಉಪೇಕ್ಷೆಗೆ ಒಳಗಾಗಿರುವ ಕಾರಣವೆಂದರೆ ಬಿಸಿ ಮತ್ತು ಧೂಳು. ಬೇಸಿಗೆಯಲ್ಲಿ ಇಲ್ಲಿನ ತಾಪಮಾನ 40 ಡಿಗ್ರಿ ದಾಟುತ್ತದೆ. ಅದಿರಿನ ಲಾರಿಗಳು ಓಡಾಡುವ ರಸ್ತೆಯ ಬದಿಯ ಮನೆಗಳಲ್ಲಿ ಕೆಂಪು ಧೂಳು, ಹೊಲಿಗೆ ಘಟಕಗಳಲ್ಲಿ ಬಟ್ಟೆಯ ನವಿರು ಎಳೆ, ಎರಡನ್ನೂ ಲ್ಯಾಪ್‌ಟಾಪ್‌ನ ಫ್ಯಾನ್ ಒಳಕ್ಕೆ ಎಳೆದುಕೊಳ್ಳುತ್ತದೆ. ಹಿಂಬದಿಯ ಮುಚ್ಚಳ ಬಿಚ್ಚಿ ನೋಡಿದರೆ ಫ್ಯಾನಿಗೂ ಬಿಸಿ ಹೊರಹಾಕುವ ತೆಳು ಲೋಹದ ಪಟ್ಟಿಗಳಿಗೂ ನಡುವೆ ಅದು ಕಂಬಳಿಯ ತುಂಡಿನಂತೆ ಹೆಪ್ಪುಗಟ್ಟಿರುತ್ತದೆ. ಫ್ಯಾನ್ ಜೋರಾಗಿ ತಿರುಗಿದರೂ ಗಾಳಿ ಹೊರಬರುವುದಿಲ್ಲ. ಪ್ರೊಸೆಸರ್ 100 ಡಿಗ್ರಿಯ ಸಮೀಪಕ್ಕೆ ಬಂದೊಡನೆ, ಸುಟ್ಟುಹೋಗದಿರಲೆಂದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆನ್ ಮಾಡಿದಾಗ ಚುರುಕಾಗಿದ್ದು ಅರ್ಧ ಗಂಟೆಯ ನಂತರ ಮಂದವಾಗುವ ಯಂತ್ರದಲ್ಲಿ ಮೊದಲು ಇದನ್ನೇ ಶಂಕಿಸಬೇಕು. ಫ್ಯಾನ್ ಸ್ವಚ್ಛಗೊಳಿಸಿ, ಒಣಗಿದ ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಬಿಸಿಯನ್ನು ಲೋಹಕ್ಕೆ ದಾಟಿಸುವ ಲೇಪ) ಬದಲಿಸಬೇಕಾದ ಕೆಲಸಕ್ಕೆ ಫಾರ್ಮ್ಯಾಟ್ ಮಾಡಿದರೆ ಹಣವೂ ಹೋಯಿತು, ಧೂಳೂ ಅಲ್ಲೇ ಉಳಿಯಿತು.

ಇನ್ನೂ ಗಂಭೀರವಾದದ್ದು ಹಾರ್ಡ್ ಡಿಸ್ಕ್ ಸಾಯುತ್ತಿರುವ ಸಂದರ್ಭ. ಕೆಟ್ಟ ಸೆಕ್ಟರುಗಳನ್ನು, ಅಂದರೆ ಡಿಸ್ಕಿನ ಹಾಳಾದ ತುಣುಕುಗಳನ್ನು, ಮತ್ತೆ ಮತ್ತೆ ಓದಲು ಯತ್ನಿಸುವುದರಿಂದಲೂ ಯಂತ್ರ ನಿಧಾನವಾಗುತ್ತದೆ. ಅಂಥ ಡಿಸ್ಕಿನ ಸ್ಥಿತಿಯನ್ನು ‘ಸ್ಮಾರ್ಟ್’ ಪರೀಕ್ಷೆಯಿಂದ (ಡಿಸ್ಕ್ ತನ್ನ ದೋಷಗಳ ಬಗ್ಗೆ ತಾನೇ ಇಟ್ಟುಕೊಳ್ಳುವ ದಾಖಲೆಯ ಪರಿಶೀಲನೆ) ನೋಡದೆ, ಫೈಲುಗಳ ನಕಲು ತೆಗೆಯದೆ ಫಾರ್ಮ್ಯಾಟ್ ಮಾಡಿದರೆ ವರ್ಷಗಳ ಲೆಕ್ಕಪತ್ರ, ಫೋಟೊಗಳು ಒಮ್ಮೆಲೇ ಹೋಗುತ್ತವೆ. ಡಿಸ್ಕ್ ಮಾತ್ರ ಕೆಲವು ವಾರಗಳಲ್ಲಿ ಮತ್ತೆ ಕೈಕೊಡಬಹುದು.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ (ಭದ್ರತಾ ಅಪ್‌ಡೇಟ್‌ಗಳ ಪೂರೈಕೆ) ನಿಂತಿದ್ದನ್ನು ಮುಂದಿಟ್ಟು ‘ಅದಕ್ಕೇ ಸ್ಲೋ ಆಗಿದೆ’ ಎನ್ನುವುದೂ ಸರಿಯಲ್ಲ. ಅದು ಸುರಕ್ಷತೆಯ ಪ್ರಶ್ನೆ, ಅದನ್ನು ಪ್ರತ್ಯೇಕವಾಗಿಯೇ ಯೋಚಿಸಬೇಕು.

ಆದ್ದರಿಂದ ರಿಪೇರಿ ಅಂಗಡಿಗಳವರಲ್ಲಿ ನನ್ನ ವಿನಂತಿ ಇಷ್ಟು: ಕೆಲಸ ಶುರುಮಾಡುವ ಮೊದಲು ಡಿಸ್ಕಿನ ಆರೋಗ್ಯ, ಮೆಮೊರಿಯ ಬಳಕೆ, ಕೆಲಸದ ಹೊತ್ತಿನ ಪ್ರೊಸೆಸರ್ ಉಷ್ಣಾಂಶ, ಈ ಮೂರನ್ನೂ ರಸೀದಿಯ ಮೇಲೆ ಬರೆದುಕೊಡಲಿ. ಜಿಲ್ಲೆಯ ಪಾಲಿಟೆಕ್ನಿಕ್ ಮತ್ತು ಐಟಿಐಗಳು ಬೇಸಿಗೆಗೆ ಮುಂಚೆ ವಿದ್ಯಾರ್ಥಿಗಳಿಂದಲೇ ಇಂಥ ತಪಾಸಣಾ ಶಿಬಿರ ನಡೆಸಿದರೆ ಸಾರ್ವಜನಿಕರಿಗೂ ಅನುಕೂಲ, ಕಲಿಯುವವರಿಗೂ ನಿಜವಾದ ಯಂತ್ರಗಳ ಮೇಲೆ ಕೈ ಪಳಗುತ್ತದೆ.

— ಓದುಗ, ಕೌಲ್‌ಬಜಾರ್, ಬಳ್ಳಾರಿ