ಆರ್ಕೆಸ್ಟ್ರಾದ ಗೆಳೆಯನಿಗೆ, ಬ್ಯಾಡ್ ಪ್ಲಸ್ ಬಗ್ಗೆ

ಮಾರಾಯ,

ನಿನ್ನ ವಾಯ್ಸ್ ಮೆಸೇಜು ಕೇಳಿದೆ. ನಾನು ಕಳಿಸಿದ ಬ್ಯಾಡ್ ಪ್ಲಸ್ ಅನ್ನುವ ಜಾಝ್ ತಂಡದ ಹಾಡನ್ನು ಅರ್ಧಕ್ಕೇ ನಿಲ್ಲಿಸಿ ಬೈದಿದ್ದೀಯ. "ಅವರು ಮೂರು ಜನ ಸೇರಿ ಬೇರೆಯವರ ಹಾಡು ನುಡಿಸಿದರೆ ಜಾಝ್, ನಾವು ಎಂಟು ಜನ ಸೇರಿ ನುಡಿಸಿದರೆ ಬರೀ ಆರ್ಕೆಸ್ಟ್ರಾ, ಇದ್ಯಾವ ಸೀಮೆ ನ್ಯಾಯ?" ಅಂತ. ಪ್ರಶ್ನೆ ಚೆನ್ನಾಗಿದೆ. ಫೋನಿನಲ್ಲಿ ಹೇಳಲು ಹೋದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ. ನಮ್ಮ ಬಳಗದ ಉಳಿದವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಬೇಜಾರಾಗಬೇಡ.

ಮೊದಲು ನಿನ್ನ ಕೆಲಸದ ಮಾತು. ಗಣಪತಿ ಪೆಂಡಾಲಿನಲ್ಲಿ ಹಳೇ ಹಾಡು ಎತ್ತಿಕೊಂಡರೆ ಪಲ್ಲವಿಗೂ ಚರಣಕ್ಕೂ ನಡುವಿನ ಬಿಟ್ ಕ್ಯಾಸೆಟ್‌ನಲ್ಲಿ ಇದ್ದ ಹಾಗೇ ಬರಬೇಕು. ಕೊಳಲಿನ ಟೋನ್ ಒಂಚೂರು ಬೇರೆಯಾದರೂ ಮುಂದಿನ ಸಾಲಿನಲ್ಲಿ ಕೂತವನಿಗೆ ಗೊತ್ತಾಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ಬಿಟ್ ಕಿವಿಯಿಂದ ಬೆರಳಿಗೆ ಇಳಿಸುವುದರಲ್ಲಿ ನಿನ್ನನ್ನು ಮೀರಿಸುವವರನ್ನು ನಾನು ನೋಡಿಲ್ಲ. ಅದು ಸಣ್ಣ ವಿದ್ಯೆಯಲ್ಲ. ಆದರೆ ನಿನ್ನ ಗುರಿ ಮೂಲದ ಹಾಗೇ ಕೇಳಿಸುವುದು. ಈ ಮೂವರಿಗೆ ಆ ಗುರಿಯೇ ಇಲ್ಲ. ಕೇಳುವವನಿಗೆ ಹಾಡು ಗೊತ್ತು ಅನ್ನುವುದನ್ನೇ ಅವರು ಬಂಡವಾಳ ಮಾಡಿಕೊಳ್ಳುತ್ತಾರೆ.

ಯಾರಿವರು ಅಂತ ಹೇಳಿಬಿಡುತ್ತೇನೆ. ಪಿಯಾನೋ ಈಥನ್ ಐವರ್ಸನ್, ಬೇಸ್ ರೀಡ್ ಆಂಡರ್ಸನ್, ಡ್ರಮ್ಸ್ ಡೇವ್ ಕಿಂಗ್. ಆಂಡರ್ಸನ್, ಕಿಂಗ್ ಇಬ್ಬರೂ ಅಮೆರಿಕದ ಮಿನೆಸೋಟದವರು, ಚಿಕ್ಕಂದಿನಿಂದ ರಾಕ್ ಕೇಳಿ ಬೆಳೆದವರು. ಐವರ್ಸನ್ ಪಕ್ಕದ ವಿಸ್ಕಾನ್ಸಿನ್‌ನವನು, ಅವನ ಕಿವಿ ಪೂರಾ ಜಾಝ್ ಮತ್ತು ಪಾಶ್ಚಾತ್ಯ ಶಾಸ್ತ್ರೀಯದ್ದು. 2000ದಲ್ಲಿ ದ ಬ್ಯಾಡ್ ಪ್ಲಸ್ ಅಂತ ತಂಡ ಕಟ್ಟಿದರು. ಹೆಸರು ಗಮನಿಸು. ಜಾಝ್‌ನಲ್ಲಿ ಸಾಮಾನ್ಯವಾಗಿ ಪಿಯಾನೋದವನ ಹೆಸರೇ ತಂಡದ ಹೆಸರು: ಬಿಲ್ ಇವಾನ್ಸ್ ಟ್ರಿಯೋ, ಆಸ್ಕರ್ ಪೀಟರ್ಸನ್ ಟ್ರಿಯೋ (ಟ್ರಿಯೋ ಅಂದರೆ ಮೂವರ ತಂಡ). ಇಲ್ಲಿ ಯಜಮಾನನೇ ಇಲ್ಲ. ಮೂವರೂ ರಚನೆ ಮಾಡುತ್ತಾರೆ, ಒಂದೇ ಆಲ್ಬಮ್ಮಿನಲ್ಲಿ ಮೂವರದ್ದೂ ಇರುತ್ತದೆ.

2003ರಲ್ಲಿ ಕೊಲಂಬಿಯಾ ಕಂಪನಿಯಿಂದ ಬಂದ 'ದೀಸ್ ಆರ್ ದ ವಿಸ್ಟಾಸ್' ಆಲ್ಬಮ್ ಇವರನ್ನು ಮನೆಮಾತು ಮಾಡಿತು, ಕನಿಷ್ಠ ಜಾಝ್ ಕೇಳುವವರ ಮನೆಗಳಲ್ಲಿ. ಅದರಲ್ಲಿ ನಿರ್ವಾಣ ಅನ್ನುವ ರಾಕ್ ತಂಡದ 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್' ಇದೆ, ಬ್ಲಾಂಡಿಯ 'ಹಾರ್ಟ್ ಆಫ್ ಗ್ಲಾಸ್' ಇದೆ, ಏಫೆಕ್ಸ್ ಟ್ವಿನ್‌ನ 'ಫ್ಲಿಮ್' ಇದೆ. ಉಳಿದದ್ದೆಲ್ಲ ಸ್ವಂತದ್ದು. ಸುದ್ದಿಯಾದದ್ದು ಮಾತ್ರ ಈ ಮೂರೇ. ಜಾಝ್ ಮಡಿವಂತರು "ಇದು ಗಿಮಿಕ್ಕು" ಅಂದರು. ನೀನೂ ಹೆಚ್ಚುಕಮ್ಮಿ ಅದನ್ನೇ ಅಂದಿದ್ದೀಯ, ಇನ್ನೊಂದು ದಿಕ್ಕಿನಿಂದ.

ಆ ಮಡಿವಂತಿಕೆ ನನಗೆ ನಗು ತರಿಸುತ್ತದೆ. ಅವರು 'ಸ್ಟ್ಯಾಂಡರ್ಡ್ಸ್' (ಜಾಝ್‌ನವರೆಲ್ಲ ನುಡಿಸುವ ಹಳೇ ಹಾಡು) ಅಂತ ತಲೆಮೇಲೆ ಹೊತ್ತುಕೊಳ್ಳುವ ಹಾಡುಗಳಲ್ಲಿ ಬಹುಪಾಲು ಒಂದು ಕಾಲದ ನಾಟಕದ ಹಾಡು, ಸಿನಿಮಾ ಹಾಡು ಅಷ್ಟೇ. 'ಮೈ ಫೇವರಿಟ್ ಥಿಂಗ್ಸ್' ಇದ್ದ ಸಂಗೀತನಾಟಕ ನ್ಯೂಯಾರ್ಕಿನಲ್ಲಿ ಶುರುವಾದದ್ದು 1959ರ ನವೆಂಬರ್‌ನಲ್ಲಿ. ಸ್ಯಾಕ್ಸೋಫೋನಿನ ಜಾನ್ ಕೋಲ್ಟ್ರೇನ್ ಅದನ್ನು ರೆಕಾರ್ಡ್ ಮಾಡಿದ್ದು 1960ರ ಅಕ್ಟೋಬರ್‌ನಲ್ಲಿ. ಪೂರ್ತಿ ಒಂದು ವರ್ಷವೂ ಆಗಿರಲಿಲ್ಲ, ನಾಟಕ ಇನ್ನೂ ಓಡುತ್ತಿತ್ತು! ಬಿಲ್ ಇವಾನ್ಸ್ ನುಡಿಸಿ ಪೂಜ್ಯ ಮಾಡಿದ 'ಸಮ್‌ಡೇ ಮೈ ಪ್ರಿನ್ಸ್ ವಿಲ್ ಕಮ್' ಬಂದದ್ದು 1937ರ ಡಿಸ್ನಿ ಕಾರ್ಟೂನ್ ಸಿನಿಮಾದಿಂದ. ಆಗ ಅದು ಕಲೆ, ಈಗ ನಿರ್ವಾಣದ ಹಾಡು ನುಡಿಸಿದರೆ ಗಿಮಿಕ್ಕು. ಹೋಗಲಿ ಬಿಡು.

ಈಗ ಕೀಬೋರ್ಡ್ ಮುಂದೆ ಕೂತುಕೋ, ಒಂದು ವಿಷಯ ಕೈಯಲ್ಲೇ ನೋಡು. 'ಟೀನ್ ಸ್ಪಿರಿಟ್' ಹಾಡಿನ ಗಿಟಾರ್ ಸುತ್ತಿನಲ್ಲಿ ಇರುವುದು ನಾಲ್ಕೇ ಕಾರ್ಡು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು): ಎಫ್, ಬಿ ಫ್ಲಾಟ್, ಎ ಫ್ಲಾಟ್, ಡಿ ಫ್ಲಾಟ್. ಎಲ್ಲವೂ ಪವರ್ ಕಾರ್ಡು. ಅಂದರೆ ಎಫ್ ಮತ್ತು ಸಿ ಒತ್ತುತ್ತೀಯ, ನಡುವೆ ಏನೂ ಇಲ್ಲ. ಮೇಜರ್ರೋ ಮೈನರ್ರೋ ಅಂತ ಹೇಳಬೇಕಾದ ನಡುವಿನ ಸ್ವರವೇ ಖಾಲಿ. ಡಿಸ್ಟಾರ್ಷನ್ ಹಾಕಿದ ಗಿಟಾರಿಗೆ ಅದು ಸರಿ, ಆ ಗದ್ದಲವೇ ಜಾಗ ತುಂಬುತ್ತದೆ. ಅದನ್ನೇ ಬರೀ ಪಿಯಾನೋದಲ್ಲಿ ನುಡಿಸು, ಬೋಳು ಬೋಳಾಗಿ ಕೇಳುತ್ತದೆ. ಪಿಯಾನೋದವನು ಅಲ್ಲಿ ಏನನ್ನೋ ತುಂಬಲೇಬೇಕು. ಏನು ತುಂಬುತ್ತಾನೆ ಅನ್ನುವುದೇ ಆಟ. ಐವರ್ಸನ್ ಒಮ್ಮೆ ನೇರವಾದ ಸ್ವರ ಇಡುತ್ತಾನೆ, ಇನ್ನೊಮ್ಮೆ ಪಕ್ಕದ ಸ್ವರವನ್ನೂ ಸೇರಿಸಿ ಕರ್ಕಶ ಮಾಡುತ್ತಾನೆ. ಹಾಡಿನ ರಾಗ ನಿನ್ನ ತಲೆಯಲ್ಲಿ ಮೊದಲೇ ಓಡುತ್ತಿರುವುದರಿಂದ ಅವನು ಎಲ್ಲಿ ಅಂಟಿಕೊಂಡ, ಎಲ್ಲಿ ಬಿಟ್ಟುಹೋದ ಅನ್ನುವುದು ಪ್ರತಿ ಕ್ಷಣವೂ ಗೊತ್ತಾಗುತ್ತದೆ. ಕಛೇರಿಯಲ್ಲಿ ಗೊತ್ತಿರುವ ಕೃತಿಯ ಸಾಲು ಹಿಡಿದು ನೆರವಲ್ ಮಾಡುವಾಗ, ಅಂದರೆ ಅದೇ ಸಾಲನ್ನು ಬೇರೆ ಬೇರೆ ಥರ ಹಾಡುವಾಗ, ಆಗುವ ಸುಖ ಇದೆಯಲ್ಲ, ಅದೇ. ಸಾಲು ಗೊತ್ತಿಲ್ಲದವನಿಗೆ ನೆರವಲ್ ಅರ್ಧ ಮಾತ್ರ ದಕ್ಕುತ್ತದೆ.

ಇನ್ನು 'ಫ್ಲಿಮ್'. ಇದನ್ನು ನಿಮ್ಮ ಪ್ಯಾಡ್ (ಎಲೆಕ್ಟ್ರಾನಿಕ್ ಡ್ರಮ್) ನುಡಿಸುವ ಹುಡುಗನಿಗೆ ಕೇಳಿಸಲೇಬೇಕು. ಮೂಲ 1997ರದ್ದು, ಪೂರಾ ಎಲೆಕ್ಟ್ರಾನಿಕ್. ಅದರ ಡ್ರಮ್ಸ್ ಮನುಷ್ಯ ಬಾರಿಸಿದ್ದಲ್ಲ, ಚೂರು ಚೂರು ಮಾಡಿ ಯಂತ್ರದಲ್ಲಿ ಜೋಡಿಸಿದ್ದು. ಸಣ್ಣ ಸಣ್ಣ ತಟಪಟ, ನಡುವೆ ಎಡವಿದ ಹಾಗೆ. ಡೇವ್ ಕಿಂಗ್ ಅದನ್ನು ಸಾಧಾರಣ ಡ್ರಮ್ ಸೆಟ್ ಮೇಲೆ ಕೈಯಾರೆ ನುಡಿಸುತ್ತಾನೆ. ನಮ್ಮಲ್ಲಿ ಮನುಷ್ಯ ನುಡಿಸಬೇಕಾದ್ದನ್ನೆಲ್ಲ ಪ್ಯಾಡಿಗೆ ತುಂಬುತ್ತೇವೆ, ಇವನು ಯಂತ್ರದ್ದನ್ನು ಕಿತ್ತು ಕೈಗೆ ತಂದುಕೊಂಡ. ಮೇಲೆ ಪಿಯಾನೋದ ರಾಗ ಮಗುವಿಗೆ ಜೋಗುಳ ಹಾಡಿದಷ್ಟು ಮೆತ್ತಗೆ ಹೋಗುತ್ತಿರುತ್ತದೆ. ಬೇರೆಯವರ ಹಾಡು ನುಡಿಸುವುದಕ್ಕೆ ಕವರ್ ಅನ್ನುತ್ತಾರಲ್ಲ, ಆಲ್ಬಮ್ಮಿನಲ್ಲಿ ನನಗೆ ತೀರಾ ಇಷ್ಟವಾದ ಕವರ್ ಇದೇ, ನಿರ್ವಾಣದ್ದಲ್ಲ.

ಡ್ರಮ್ಸ್ ಅಷ್ಟು ಎದುರಿಗೆ ಬಂದು ಕೂತಿರುವುದಕ್ಕೆ ಇನ್ನೊಂದು ಕಾರಣವಿದೆ. ಆ ಆಲ್ಬಮ್ ಮಾಡಿದ ಸೌಂಡ್ ಎಂಜಿನಿಯರ್ ಟ್ಚಾಡ್ ಬ್ಲೇಕ್ ರಾಕ್ ಕಡೆಯವನು, ಪರ್ಲ್ ಜಾಮ್‌ನ 'ಬೈನಾರಲ್' ಮಾಡಿದವನು. ಹಳೇ ಪಿಯಾನೋ ಟ್ರಿಯೋಗಳಲ್ಲಿ ಡ್ರಮ್ಸ್ ಹಿಂದೆ ಬ್ರಷ್ ಆಡಿಸಿಕೊಂಡು ಸುಮ್ಮನಿರುತ್ತದೆ. ಇಲ್ಲಿ ಕಿಕ್ ಡ್ರಮ್ ಎದೆಗೆ ಬಂದು ಬಡಿಯುತ್ತದೆ. ಒಳ್ಳೇ ಸ್ಪೀಕರಿನಲ್ಲಿ ಕೇಳು, ಫೋನಿನಲ್ಲಿ ಬೇಡ.

ಇಷ್ಟೆಲ್ಲ ಕವರ್ ಬಗ್ಗೆ ಹೇಳಿದೆ. ಆದರೆ ನಿನ್ನ ಜೊತೆ ನನ್ನ ಜಗಳ ಅಸಲಿಗೆ ಕವರ್ ಬಗ್ಗೆಯಲ್ಲ. ನೀನು ಸ್ವಂತ ರಚನೆಗಳನ್ನು ಕೇಳದೇ ಬಿಟ್ಟೆಯಲ್ಲ, ಅದಕ್ಕೆ. ಕವರ್ ಕೇಳಿ ಇವರು ಒಂದು ರಾಗವನ್ನು ಹೇಗೆ ಹಿಡಿಯುತ್ತಾರೆ, ಹೇಗೆ ತಿರುಚುತ್ತಾರೆ ಅನ್ನುವುದು ಕಿವಿಗೆ ರೂಢಿಯಾದ ಮೇಲೆ ಸ್ವಂತದ್ದು ಕೇಳಬೇಕು. ಆಗ ಗೊತ್ತಾಗುತ್ತದೆ, ಎರಡಕ್ಕೂ ಇವರು ಬೇರೆ ಬೇರೆ ಕೈ ಬಳಸುವುದಿಲ್ಲ ಅಂತ. ಜಾಝ್‌ನಲ್ಲಿ ಸಾಮಾನ್ಯವಾಗಿ ರಾಗ ಒಮ್ಮೆ ಹೇಳಿ, ಸರದಿಯಂತೆ ಒಬ್ಬೊಬ್ಬರು ಸೋಲೋ ಮಾಡಿ, ಕೊನೆಗೆ ರಾಗಕ್ಕೆ ವಾಪಸ್ ಬರುತ್ತಾರೆ. ಇವರು ಬಹಳ ಕಡೆ ಆ ಸರದಿಯನ್ನೇ ಕೈಬಿಡುತ್ತಾರೆ. ಮೂವರೂ ಒಟ್ಟಿಗೇ ಒಂದು ಹಾಡನ್ನು ಕಟ್ಟಿಕೊಂಡು ಹೋಗುತ್ತಾರೆ, ರಾಕ್ ಬ್ಯಾಂಡಿನ ಹಾಗೆ.

ಅದೇ ಆಲ್ಬಮ್ಮಿನ ಕೊನೆಯ ತುಣುಕು 'ಸೈಲೆನ್ಸ್ ಈಸ್ ದ ಕ್ವೆಶ್ಚನ್', ಆಂಡರ್ಸನ್ನನ ರಚನೆ. ರಾಗ ಎಷ್ಟು ಸರಳ ಅಂದರೆ ಒಮ್ಮೆ ಕೇಳಿ ನೀನು ಒಂದೇ ಬೆರಳಲ್ಲಿ ನುಡಿಸುತ್ತೀಯ. ಅಷ್ಟನ್ನೇ ಇಟ್ಟುಕೊಂಡು ನಿಧಾನಕ್ಕೆ ಏರುತ್ತಾರೆ. ಯಾರೂ ಮುಂದೆ ಬಂದು ಬೆರಳ ಚಳಕ ತೋರಿಸುವುದಿಲ್ಲ. ಡ್ರಮ್ಸ್ ದಟ್ಟವಾಗುತ್ತದೆ, ಪಿಯಾನೋದ ಎಡಗೈ ಭಾರವಾಗುತ್ತದೆ, ಮೂವರೇ ನುಡಿಸುತ್ತಿದ್ದಾರೆ ಅನ್ನುವುದೇ ಮರೆತುಹೋಗುವಷ್ಟು ಎತ್ತರಕ್ಕೆ ಹೋಗುತ್ತದೆ. ಮೂವರಲ್ಲಿ ಆಂಡರ್ಸನ್ನನೇ ಒಳ್ಳೇ ರಚನೆಕಾರ ಅನ್ನುವುದು ನನ್ನ ಅಭಿಪ್ರಾಯ. ಡೇವ್ ಕಿಂಗ್‌ನ ತುಣುಕುಗಳು ತಮಾಷೆಯವು, ಹೆಸರುಗಳೂ ಹಾಗೇ. ಒಂದರ ಹೆಸರು '1972 ಬ್ರಾಂಜ್ ಮೆಡಲಿಸ್ಟ್'. ಚಿನ್ನ ಗೆದ್ದವನಿಗಲ್ಲ, ಮೂರನೇ ಸ್ಥಾನ ಬಂದವನಿಗೆ ಒಂದು ಹಾಡು!

2007ರ 'ಪ್ರಾಗ್' (Prog, ಊರಿನ ಹೆಸರಲ್ಲ) ಆಲ್ಬಮ್ ಶುರುವಾಗುವುದು ಟಿಯರ್ಸ್ ಫಾರ್ ಫಿಯರ್ಸ್ ತಂಡದ ಹಾಡಿನಿಂದ. ಅದೇ ಆಲ್ಬಮ್ಮಿನಲ್ಲಿ ಆಂಡರ್ಸನ್ನನ 'ಫಿಸಿಕಲ್ ಸಿಟೀಸ್' ಇದೆ. ಅದರಲ್ಲಿ ಒಂದು ಹಂತಕ್ಕೆ ಬಂದಾಗ ಮೂವರೂ ರಾಗ ಬಿಟ್ಟು ಬರೀ ಪೆಟ್ಟಿಗೆ ಇಳಿಯುತ್ತಾರೆ. ತಂತಿ ಆಫೀಸಿನ ಕಟಕಟದ ಹಾಗೆ, ಒಂದು ಉದ್ದ, ಎರಡು ಗಿಡ್ಡ, ಮತ್ತೆ ಖಾಲಿ. ತಾಳ ಹಾಕಲು ಹೋದೆಯೋ ಕೈ ತಪ್ಪುತ್ತದೆ. ಮೂವರಿಗೆ ಮಾತ್ರ ಒಂದೂ ತಪ್ಪುವುದಿಲ್ಲ. ನೀನು ಮೃದಂಗದವರ ಜೊತೆ ಕೂತು ಕೇಳಿದರೆ ಒಳ್ಳೇ ಜಗಳ ಆಗುತ್ತದೆ.

ಎಲ್ಲವೂ ಚಿನ್ನ ಅನ್ನುತ್ತಿಲ್ಲ. 2004ರ 'ಗಿವ್' ಆಲ್ಬಮ್ಮಿನಲ್ಲಿ ಬ್ಲ್ಯಾಕ್ ಸಬ್ಬತ್‌ನ 'ಐರನ್ ಮ್ಯಾನ್' ಇದೆ. ಗಟ್ಟಿಯಾಗಿ ಬಡಿಯುವುದನ್ನು ಬಿಟ್ಟರೆ ಅದರಲ್ಲಿ ನನಗೇನೂ ಸಿಗಲಿಲ್ಲ. 2008ರಲ್ಲಿ ವೆಂಡಿ ಲೂಯಿಸ್ ಅನ್ನುವ ಗಾಯಕಿಯನ್ನು ಸೇರಿಸಿಕೊಂಡು 'ಫಾರ್ ಆಲ್ ಐ ಕೇರ್' ಮಾಡಿದರು. ಒಂದು ಕಡೆ ಪಾಪ್ ತಂಡ ಬೀ ಜೀಸ್, ಇನ್ನೊಂದು ಕಡೆ ಪಾಶ್ಚಾತ್ಯ ಶಾಸ್ತ್ರೀಯದ ಸ್ಟ್ರಾವಿನ್‌ಸ್ಕಿ, ಲಿಗೆಟಿ. ಧೈರ್ಯವೇನೋ ಮೆಚ್ಚಬೇಕು, ಆದರೆ ಸಾಹಿತ್ಯ ಬಂದ ಕೂಡಲೇ ಹಾಡು ಒಂದೇ ಅರ್ಥಕ್ಕೆ ಕಟ್ಟುಬಿದ್ದ ಹಾಗೆ ನನಗೆ ಅನ್ನಿಸಿತು. 2010ರ 'ನೆವರ್ ಸ್ಟಾಪ್'ನಲ್ಲಿ ಒಂದೂ ಕವರ್ ಇಲ್ಲ, ಪೂರಾ ಸ್ವಂತದ್ದು. 2016ರ 'ಇಟ್ಸ್ ಹಾರ್ಡ್' ತದ್ವಿರುದ್ಧ, ಪೂರಾ ಬೇರೆಯವರದ್ದು: ಪ್ರಿನ್ಸ್, ಕ್ರಾಫ್ಟ್‌ವರ್ಕ್, ಜಾನಿ ಕ್ಯಾಶ್. ನನ್ನ ಓಟು ಮೊದಲನೆಯದಕ್ಕೆ. ಎರಡೂ ಬೆರೆತ ಆಲ್ಬಮ್‌ಗಳಿಗೆ ಇನ್ನೂ ಒಂದು ಓಟು ಹೆಚ್ಚು.

ಇನ್ನೊಬ್ಬ ಜಾಝ್ ಪಿಯಾನೋದವನು ಬ್ರ್ಯಾಡ್ ಮೆಲ್ಡಾವ್ ಬಗ್ಗೆಯೂ ಕೇಳಿದ್ದೀಯ. ಅವನು ಇವರಿಗಿಂತ ಮೊದಲೇ, 1998ರಲ್ಲೇ ರೇಡಿಯೋಹೆಡ್ ಅನ್ನುವ ರಾಕ್ ತಂಡದ ಹಾಡನ್ನು ಟ್ರಿಯೋದಲ್ಲಿ ನುಡಿಸಿದವನು. ಅವನದ್ದು ಬೇರೆ ದಾರಿ. ಹಾಡಿನೊಳಗೆ ಹೊಕ್ಕು ತನ್ನ ಬೆರಳಿನ ಹಿಂದೆ ಎಲ್ಲಿಗೋ ಹೋಗಿಬಿಡುತ್ತಾನೆ. ಪಿಯಾನೋದ ವಿಜಯ್ ಅಯ್ಯರ್ 2012ರಲ್ಲಿ ತನ್ನ ಟ್ರಿಯೋ ಜೊತೆ ಮೈಕೆಲ್ ಜಾಕ್ಸನ್‌ನ 'ಹ್ಯೂಮನ್ ನೇಚರ್' ನುಡಿಸಿದ. ತಮಿಳು ಅಪ್ಪಅಮ್ಮನ ಮಗ, ಕರ್ನಾಟಕ ಸಂಗೀತದ ಲಯ ಬಲ್ಲವನು. ಅದರ ಲೆಕ್ಕಾಚಾರ ನಿನಗೆ ಬ್ಯಾಡ್ ಪ್ಲಸ್‌ಗಿಂತ ಬೇಗ ಹಿಡಿಸಬಹುದು.

ಒಂದು ಸುದ್ದಿ ಹೇಳುವುದು ಉಳಿಯಿತು. 2017ರ ಕೊನೆಗೆ ಐವರ್ಸನ್ ತಂಡ ಬಿಟ್ಟ. ಫಿಲಡೆಲ್ಫಿಯಾದ ಓರಿನ್ ಇವಾನ್ಸ್ ಬಂದ. ಅವನೂ 2021ರಲ್ಲಿ ಹೊರಟ. ಆಂಡರ್ಸನ್, ಕಿಂಗ್ ಮೂರನೇ ಪಿಯಾನೋದವನನ್ನು ಹುಡುಕಲೇ ಇಲ್ಲ. ಬೆನ್ ಮಾಂಡರ್‌ನ ಗಿಟಾರು, ಕ್ರಿಸ್ ಸ್ಪೀಡ್‌ನ ಸ್ಯಾಕ್ಸೋಫೋನು ಸೇರಿಸಿಕೊಂಡು ನಾಲ್ವರಾದರು. ಪಿಯಾನೋ ಟ್ರಿಯೋದಲ್ಲಿ ಪಿಯಾನೋವೂ ಉಳಿಯಲಿಲ್ಲ, ಟ್ರಿಯೋವೂ ಉಳಿಯಲಿಲ್ಲ, ಹೆಸರು ಮಾತ್ರ ಅದೇ ಉಳಿಯಿತು. ಐವರ್ಸನ್ ಟ್ರಿಯೋ ಅಂತ ಇಟ್ಟಿದ್ದರೆ ಅವನು ಹೋದ ದಿನವೇ ಅಂಗಡಿ ಮುಚ್ಚಬೇಕಿತ್ತು.

ಕೇಳುವ ಕ್ರಮ ಹೀಗಿರಲಿ: ಮೊದಲು 'ಫ್ಲಿಮ್', ಮೂಲವನ್ನೂ ಇವರದ್ದನ್ನೂ ಒಂದರ ಹಿಂದೆ ಒಂದು. ಆಮೇಲೆ 'ಫಿಸಿಕಲ್ ಸಿಟೀಸ್'. 'ಸೈಲೆನ್ಸ್' ಕೊನೆಗೆ, ಪೂರ್ತಿ, ಅರ್ಧಕ್ಕೆ ನಿಲ್ಲಿಸದೆ. ದಸರಾ ಸೀಸನ್ ಮುಗಿದ ಮೇಲೆ ನಿಮ್ಮವರಿಗೆ ಪುರುಸೊತ್ತಾದಾಗ ಒಂದು ಕೆಲಸ ಮಾಡು. ಜನಕ್ಕೆ ಬಾಯಿಪಾಠ ಆಗಿರುವ ಒಂದು ಹಾಡನ್ನು ತಗೊಂಡು, ಅದರ ಬಿಟ್‌ಗಳನ್ನೆಲ್ಲ ಕಿತ್ತುಹಾಕಿ, ನೀನು, ಬೇಸ್ ಗಿಟಾರಿನವನು, ಪ್ಯಾಡ್ ಹುಡುಗ ಮೂವರೇ ಕೂತು ನುಡಿಸಿ. ಸ್ಟೇಜಿಗೆ ಬೇಡ, ರಿಹರ್ಸಲ್ ರೂಮಿನಲ್ಲೇ ಸಾಕು. ಚೆನ್ನಾಗಿ ಬಂದರೂ ಕೆಟ್ಟು ಕೆರ ಹಿಡಿದರೂ ರೆಕಾರ್ಡ್ ಮಾಡಿ ಕಳಿಸು.

ಅಮ್ಮನಿಗೆ ನಮಸ್ಕಾರ ಹೇಳು.

ಇಂತಿ ನಿನ್ನ
ಗೆಳೆಯ