ದೊಡ್ಡ ಕಡಲ ಚಿತ್ರಗಳಿಗೆ ಗಟ್ಟಿ ತಳಪಾಯ ಬೇಕು

ಮಾನ್ಯರೇ,

ಚಿತ್ರಕಲಾ ವಿದ್ಯಾರ್ಥಿಗಳು ಅಂತಿಮ ಪ್ರದರ್ಶನಕ್ಕೆ ಆರು ಅಡಿ ಅಗಲದ ಅರೆ ಅಮೂರ್ತ ಕಡಲ ಚಿತ್ರ ಬರೆಯಲು ಧೈರ್ಯ ಮಾಡುವುದು ಸಂತೋಷದ ವಿಷಯ. ಇಂಥ ಕೆಲಸ ಹೆಚ್ಚಾಗಿ ಕೆಡುವುದು ಕಲ್ಪನೆಯ ಕೊರತೆಯಿಂದಲ್ಲ, ತಯಾರಿಯ ಕೊರತೆಯಿಂದ.

ಈ ಅಳತೆಯ ಚೌಕಟ್ಟಿಗೆ ನಡುವೆ ಅಡ್ಡಪಟ್ಟಿ ಇರಲೇಬೇಕು. ಇಲ್ಲವಾದರೆ ಬಿಗಿದ ಬಟ್ಟೆಯ ಎಳೆತಕ್ಕೆ ಮರ ಒಳಕ್ಕೆ ಬಾಗುತ್ತದೆ. ಚೌಕಟ್ಟಿನ ಪಟ್ಟಿಗಳ ಒಳ ಅಂಚನ್ನು ಬಟ್ಟೆಗೆ ತಾಗದಂತೆ ಓರೆಯಾಗಿ ಹೆರೆಯಬೇಕು. ಹೆರೆಯದಿದ್ದರೆ ಕುಂಚದ ಒತ್ತಡಕ್ಕೆ ಆಕಾಶದ ತೆಳು ಬಣ್ಣದಲ್ಲಿ ಗೆರೆ ಮೂಡುತ್ತದೆ, ಅದನ್ನು ಮರೆಮಾಡುವುದು ಬಲು ಕಷ್ಟ. ಬಣ್ಣಕ್ಕೆ ಮೊದಲು ಬಟ್ಟೆಗೆ ಬಳಿಯುವ ಬಿಳಿ ತಳಲೇಪ ಜೆಸ್ಸೋ ಎರಡು ಮೂರು ಪದರ ಸಾಕು, ಪ್ರತಿಯೊಂದೂ ಪೂರ್ತಿ ಒಣಗಿದ ಮೇಲೆ.

ನೀರು ಬೆರೆಸಿ ಬಳಸುವ ಅಕ್ರಿಲಿಕ್ ಬಣ್ಣದ ಮೇಲೆ ತೈಲವರ್ಣ ನಿಲ್ಲುತ್ತದೆ. ತೈಲದ ಮೇಲೆ ಅಕ್ರಿಲಿಕ್ ಹಚ್ಚಿದರೆ ಹಿಡಿತ ಸಿಗದೆ ಕಾಲಕ್ರಮೇಣ ಸುಲಿದು ಬರುತ್ತದೆ. ನೊರೆಗೆಂದು ಚಾಕುವಿನಿಂದ ಮೆತ್ತಿದ ದಪ್ಪ ಟೈಟಾನಿಯಂ ಬಿಳಿ ತೈಲವರ್ಣ ಹೊರಗೆ ಒಣಗಿದಂತೆ ಕಂಡರೂ ಒಳಗೆ ತಿಂಗಳುಗಟ್ಟಲೆ ಹಸಿಯಾಗಿರುತ್ತದೆ. ಸಮಯ ಕಡಿಮೆಯಿದ್ದರೆ ಆ ಉಬ್ಬನ್ನು ಅಕ್ರಿಲಿಕ್ ಪೇಸ್ಟಿನಲ್ಲೇ ಮೊದಲು ಕಟ್ಟಿ, ಮೇಲೆ ತೆಳುವಾಗಿ ತೈಲ ಎಳೆಯುವುದು ಲೇಸು.

ಬಣ್ಣದ ಬಗ್ಗೆ ಒಂದು ಮಾತು: ಥ್ಯಾಲೋ ನೀಲಿ ಬಹಳ ಪ್ರಬಲ, ಚಿಟಿಕೆಯಷ್ಟೇ ಇಡೀ ಮಿಶ್ರಣವನ್ನು ನುಂಗುತ್ತದೆ. ಆಷಾಢದಲ್ಲಿ ಪಣಂಬೂರು, ಮಲ್ಪೆಯ ದಡದಂಚಿನ ನೀರು ನೀಲಿಯಲ್ಲ, ಹೊಳೆಗಳ ಕೆಸರು ಬೆರೆತ ಕಂದುಬೂದು. ರಾ ಅಂಬರ್ ಎಂಬ ಮಣ್ಣುಕಂದು, ಯೆಲ್ಲೋ ಓಕರ್ ಎಂಬ ಮಣ್ಣುಹಳದಿ, ಬಿಳಿಯಿಂದ ಶುರುಮಾಡಿ ನೋಡಿ.

ಕಾಲೇಜುಗಳು ಅಂತಿಮ ವರ್ಷದ ಆರಂಭದಲ್ಲೇ ಚೌಕಟ್ಟು ಕಟ್ಟುವುದನ್ನು ನುರಿತ ಬಡಗಿಗಳಿಂದ ಕಲಿಸಲಿ.

– ಚಿತ್ರಕಲಾ ಶಿಕ್ಷಕರು, ಮಂಗಳೂರು